ಉತ್ತರಕ್ಕಿಂತ ಹಂತ ದೊಡ್ಡದು

ಗಣಿತದ ಉತ್ತರ ಪತ್ರಿಕೆ ಕೈಗೆ ಬಂದ ದಿನ ಎಷ್ಟೋ ಮನೆಗಳಲ್ಲಿ ಒಂದು ಪುಟ್ಟ ಜಗಳ ನಡೆಯುತ್ತದೆ. ‘ಉತ್ತರ ಸರಿಯಾಗಿದೆ, ಆದರೂ ಎರಡು ಅಂಕ ಕಳೆದಿದ್ದಾರೆ’ ಎಂದು ಹುಡುಗ ಮುಖ ಊದಿಸಿಕೊಳ್ಳುತ್ತಾನೆ. ಅಪ್ಪನೂ ಹಾಳೆ ತಿರುವಿ ನೋಡಿ ‘ಅದೆಂಥ ಮೇಷ್ಟರಪ್ಪ’ ಎನ್ನುತ್ತಾರೆ. ಆದರೆ ಮೇಷ್ಟರ ವಾದವೇ ಬೇರೆ. ಹಂತಗಳಿಲ್ಲದ ಉತ್ತರ ಸರಿಯಿದ್ದರೂ ಅದು ಲೆಕ್ಕವಲ್ಲ. ಪಕ್ಕದವನ ಹಾಳೆಯಲ್ಲಿ ಇಣುಕಿದ್ದಿರಬಹುದು. ಕತ್ತಲಲ್ಲಿ ಎಸೆದ ಕಲ್ಲು ತಾನಾಗಿಯೇ ಮಾವಿನಕಾಯಿಗೆ ತಗುಲಿದ್ದಿರಬಹುದು. ಹೇಗೆ ಬಂತೆಂದು ತೋರಿಸಿದಾಗಲೇ ಆ ಉತ್ತರ ಬರೆದವನದಾಗುವುದು.

ಮೇಷ್ಟರ ಈ ಹಠ ಶಾಲೆಯ ಕಾಂಪೌಂಡಿನೊಳಗೆ ಮುಗಿಯುವಂಥದಲ್ಲ. ಒಂದು ದೇಶದಲ್ಲಿ ನ್ಯಾಯವೆಂಬುದು ಇದೆಯೋ ಇಲ್ಲವೋ ಎಂಬುದೂ ಕೊನೆಗೆ ಇದೇ ಹಠದ ಮೇಲೆ ನಿಂತಿದೆ. ತಪ್ಪಿತಸ್ಥ ಯಾರೆಂದು ಊರಿಗೆಲ್ಲ ಗೊತ್ತಿದ್ದರೆ ಸಾಲದು. ಯಾವ ಸಾಕ್ಷ್ಯದಿಂದ, ಯಾವ ಹಂತಗಳ ಮೂಲಕ ಗೊತ್ತಾಯಿತೆಂಬುದನ್ನು ಎಲ್ಲರೆದುರು ತೋರಿಸಬೇಕು. ಆಪಾದಿತ ಕೂಲಿಯವನಾದರೂ ಅಷ್ಟೇ, ರಾಷ್ಟ್ರಾಧ್ಯಕ್ಷನಾದರೂ ಅಷ್ಟೇ. ಕಾನೂನಿನ ಆಳ್ವಿಕೆ ಎಂಬ ದೊಡ್ಡ ಮಾತಿನ ತಿರುಳು ಇಷ್ಟು.

ಬಡ ದೇಶಗಳಲ್ಲಿ ರಸ್ತೆ, ಅಣೆಕಟ್ಟು, ಆಸ್ಪತ್ರೆ ಕಟ್ಟಲು ಹೊರದೇಶಗಳು ನೆರವು ನೀಡುವುದು ಎಲ್ಲರೂ ಬಲ್ಲ ಸಂಗತಿ. ಅದೇ ರೀತಿ ಪೊಲೀಸರಿಗೆ ತನಿಖೆಯ ವಿಧಾನ ಕಲಿಸಲು, ಪ್ರಯೋಗಾಲಯ ತೆರೆಯಲು, ಸಾಕ್ಷಿಗಳಿಗೆ ರಕ್ಷಣೆ ಒದಗಿಸಲು, ನ್ಯಾಯಾಧೀಶರಿಗೆ ಬಲ ತುಂಬಲು ಕೂಡ ನೆರವು ಹರಿದುಬರುತ್ತದೆ. ಸಿಮೆಂಟು, ಕಬ್ಬಿಣ ಇದ್ದರೆ ಅಣೆಕಟ್ಟನ್ನು ಯಾರು ಬೇಕಾದರೂ ಕಟ್ಟಿಕೊಡಬಹುದು. ನ್ಯಾಯವನ್ನು ಹೊರಗಿನವರು ಬಂದು ಕಟ್ಟಿಕೊಡಬಲ್ಲರೇ? ಈ ಪ್ರಶ್ನೆಗೆ ಜೀವಂತ ಪಾಠದಂತಿರುವ ದೇಶ ಮಧ್ಯ ಅಮೆರಿಕದ ಗ್ವಾಟೆಮಾಲ.

ಏಲಕ್ಕಿಯ ನಾಡಿನ ಕಥೆ

ಗ್ವಾಟೆಮಾಲದ ಹೆಸರು ನಮ್ಮ ಕೊಡಗು, ಸಕಲೇಶಪುರದ ಕಡೆಯ ಬೆಳೆಗಾರರಿಗೆ ಹೊಸದೇನಲ್ಲ. ಮಾರುಕಟ್ಟೆಯಲ್ಲಿ ಏಲಕ್ಕಿಯ ಬೆಲೆ ಬಿದ್ದಾಗಲೆಲ್ಲ ಅವರ ಬಾಯಲ್ಲಿ ಆ ದೇಶದ ಹೆಸರು ಬರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಿಂದ ಹೋದ ಏಲಕ್ಕಿ ಅಲ್ಲಿನ ಕೋಬಾನ್ ಪಟ್ಟಣದ ಸುತ್ತಲಿನ ಮಂಜು ಮುಸುಕಿದ ಬೆಟ್ಟಗಳಿಗೆ ಚೆನ್ನಾಗಿ ಒಗ್ಗಿಕೊಂಡಿತು. ಇಂದು ಜಗತ್ತಿನಲ್ಲಿ ಏಲಕ್ಕಿಯನ್ನು ಅತಿ ಹೆಚ್ಚು ರಫ್ತು ಮಾಡುವ ದೇಶ ಅದೇ. ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ಜನರಲ್ಲಿ ದೊಡ್ಡ ಪಾಲು ಪುರಾತನ ಮಾಯಾ ನಾಗರಿಕತೆಯ ವಂಶಸ್ಥರು. ಇಪ್ಪತ್ತಕ್ಕೂ ಹೆಚ್ಚು ಮಾಯಾ ಭಾಷೆಗಳು ಅಲ್ಲಿ ಇಂದಿಗೂ ಜೀವಂತವಾಗಿವೆ.

ಅಂಥ ನಾಡಿನಲ್ಲಿ 1960ರಿಂದ 1996ರವರೆಗೆ, ಅಂದರೆ 36 ವರ್ಷ, ಅಂತರ್ಯುದ್ಧ ನಡೆಯಿತು. ಒಂದು ಕಡೆ ಸೈನ್ಯ, ಇನ್ನೊಂದು ಕಡೆ ಎಡಪಂಥೀಯ ಗೆರಿಲ್ಲಾಗಳು. ನಡುವೆ ಸಿಕ್ಕಿ ನುಗ್ಗಾದವರು ಬೆಟ್ಟದ ಹಳ್ಳಿಗಳ ರೈತರು. ಶಾಂತಿ ಒಪ್ಪಂದದ ನಂತರ ವಿಶ್ವಸಂಸ್ಥೆಯ ನೆರವಿನಿಂದ ಕೆಲಸ ಮಾಡಿದ ಸತ್ಯಶೋಧನಾ ಆಯೋಗ 1999ರಲ್ಲಿ ವರದಿ ನೀಡಿತು. ಸತ್ತವರು ಮತ್ತು ಕಾಣೆಯಾದವರು ಸುಮಾರು ಎರಡು ಲಕ್ಷ. ಗುರುತಿಸಲು ಸಾಧ್ಯವಾದವರ ಪೈಕಿ ನೂರಕ್ಕೆ 83 ಮಂದಿ ಮಾಯಾ ಜನ. ದಾಖಲಾದ ಅತ್ಯಾಚಾರ, ಹಿಂಸೆಗಳಲ್ಲಿ ನೂರಕ್ಕೆ 93ಕ್ಕೆ ಹೊಣೆ ಸರ್ಕಾರದ ಪಡೆಗಳು ಹಾಗೂ ಅವುಗಳ ಜೊತೆಗಿದ್ದ ಗುಂಪುಗಳು ಎಂದು ವರದಿ ಹೇಳಿತು.

ವರದಿಯೇನೋ ಬಂತು. ಆದರೆ ವರದಿ ತೀರ್ಪಲ್ಲ. ಹಳ್ಳಿಗರನ್ನು ಕೇಳಿದರೆ ಸೈನ್ಯ ಕೊಂದಿತು ಎನ್ನುತ್ತಿದ್ದರು. ಸೈನ್ಯವನ್ನು ಕೇಳಿದರೆ, ಸತ್ತವರು ಬಂದೂಕು ಹಿಡಿದು ಕಾದಾಡಿ ಮಡಿದ ಗೆರಿಲ್ಲಾಗಳು ಎನ್ನುತ್ತಿತ್ತು. ಇಬ್ಬರಲ್ಲಿ ಯಾರ ಮಾತು ದಿಟ?

ಮೂಳೆಗಳ ಸಾಕ್ಷಿ

ಈ ಪ್ರಶ್ನೆಗೆ ವಿಜ್ಞಾನ ಉತ್ತರ ಹುಡುಕಿದ ಬಗೆಯನ್ನು ವಿದ್ಯಾರ್ಥಿಗಳು ತಿಳಿಯಲೇಬೇಕು. ಕ್ಲೈಡ್ ಸ್ನೋ ಎಂಬ ಅಮೆರಿಕದ ವಿಜ್ಞಾನಿ ಮೂಳೆಗಳನ್ನು ಓದುವುದರಲ್ಲಿ ನಿಪುಣರು. ಸೇನಾಡಳಿತ ಮುಗಿದ ಮರುವರ್ಷ, 1984ರಲ್ಲಿ, ಅವರು ದಕ್ಷಿಣ ಅಮೆರಿಕದ ಅರ್ಜೆಂಟೀನಾಕ್ಕೆ ಹೋದರು. ಅಲ್ಲಿ ಸಾವಿರಾರು ಜನ ಕಾಣೆಯಾಗಿದ್ದರು. ಹಳೆಯ ಗೋರಿಗಳನ್ನು ಜೆಸಿಬಿಯಂಥ ಯಂತ್ರಗಳಿಂದ ಅಗೆದು, ಮೂಳೆಗಳನ್ನೆಲ್ಲ ಕಲಸಿಹಾಕಿ ಪುರಾವೆಯನ್ನೇ ಹಾಳುಮಾಡುತ್ತಿದ್ದರು. ಸ್ನೋ ಅವರು ವೈದ್ಯಕೀಯ ಮತ್ತು ಮಾನವಶಾಸ್ತ್ರ ಓದುತ್ತಿದ್ದ ಕೆಲವು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಕರಣೆ ಮತ್ತು ಕುಂಚ ಹಿಡಿದು ಒಂದೊಂದೇ ಪದರ ಮಣ್ಣು ತೆಗೆಯುವುದನ್ನು ಕಲಿಸಿದರು. ತಾವೇ ಮಾಡಿ ಹೊರಟುಹೋಗದೆ ಆ ಹುಡುಗ ಹುಡುಗಿಯರ ಕೈಗೆ ವಿದ್ಯೆ ದಾಟಿಸಿದ್ದು ಅವರ ದೊಡ್ಡತನ. ಆ ವಿದ್ಯಾರ್ಥಿಗಳ ತಂಡವೇ ಮುಂದೆ ಹಲವು ದೇಶಗಳಿಗೆ ಗುರುವಾಯಿತು.

1990ರ ದಶಕದ ಆರಂಭದಲ್ಲಿ, ಯುದ್ಧ ಇನ್ನೂ ಮುಗಿಯದಿದ್ದಾಗಲೇ, ಸ್ನೋ ಗ್ವಾಟೆಮಾಲಕ್ಕೂ ಬಂದರು. ಅಲ್ಲಿಯೂ ಸ್ಥಳೀಯ ತರುಣರ ಒಂದು ತಂಡ ಹುಟ್ಟಿಕೊಂಡಿತು. ಉತ್ತರದ ಪೆಟೆನ್ ಪ್ರಾಂತದ ದೋಸ್ ಎರ್ರೆಸ್ ಎಂಬ ಹಳ್ಳಿಯಲ್ಲಿ 1982ರ ಡಿಸೆಂಬರಿನಲ್ಲಿ ಸೈನ್ಯದ ವಿಶೇಷ ಪಡೆ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದಿತೆಂದು ಬದುಕುಳಿದವರು ಹೇಳುತ್ತಿದ್ದರು. ಕಾಣೆಯಾದವರ ಕುಟುಂಬಗಳ ಸಂಘಟನೆಯೊಂದರ ಕರೆಗೆ ಓಗೊಟ್ಟು ಅರ್ಜೆಂಟೀನಾದ ತಂಡ 1994 ಮತ್ತು 1995ರಲ್ಲಿ ಅಲ್ಲಿನ ಬತ್ತಿದ ಬಾವಿಯನ್ನು ಅಗೆಯಿತು. ಸಿಕ್ಕಿದ್ದು 162 ಅಸ್ಥಿಪಂಜರಗಳು. ಅವುಗಳಲ್ಲಿ 67 ಹನ್ನೆರಡು ವರ್ಷ ತುಂಬದ ಮಕ್ಕಳವು.

ಮೂಳೆ ನೋಡಿ ವಯಸ್ಸು ಹೇಳುವುದು ಹೇಗೆ? ಮಕ್ಕಳ ಕೈಕಾಲುಗಳ ಉದ್ದ ಮೂಳೆಗಳ ತುದಿಗಳು ಇನ್ನೂ ನಡುಭಾಗಕ್ಕೆ ಬೆಸೆದುಕೊಂಡಿರುವುದಿಲ್ಲ. ಎಲ್ಲವೂ ಪೂರ್ತಿ ಕೂಡಿಕೊಳ್ಳುವುದು ಹದಿಹರೆಯದ ಕೊನೆಯ ಹೊತ್ತಿಗೆ. ಹಾಲುಹಲ್ಲು ಬಿದ್ದಿದೆಯೇ, ದವಡೆಹಲ್ಲು ಬಂದಿದೆಯೇ ಎಂಬುದೂ ವಯಸ್ಸನ್ನು ತಿಳಿಸುತ್ತದೆ. ಇನ್ನು ತಲೆಬುರುಡೆಯಲ್ಲಿ ಗುಂಡಿನ ತೂತಿದ್ದರೆ, ಗುಂಡು ಹೊಕ್ಕ ಕಡೆ ತೂತು ಒಳಮುಖವಾಗಿ ಅಗಲವಾಗಿರುತ್ತದೆ, ಹೊರಬಿದ್ದ ಕಡೆ ಹೊರಮುಖವಾಗಿ. ಹಿಂದಿನಿಂದ ಹೊಡೆದರೋ ಮುಂದಿನಿಂದಲೋ ಎಂಬುದನ್ನು ಮೂಳೆಯೇ ಹೇಳಿಬಿಡುತ್ತದೆ. ಹಾಲುಹಲ್ಲೇ ಬೀಳದ ಕೂಸು ಗೆರಿಲ್ಲಾ ಆಗಿತ್ತೆಂದು ಯಾವ ನ್ಯಾಯಾಲಯದಲ್ಲಿ ವಾದಿಸಲಾದೀತು?

ಆದರೂ ಆ ಮೊಕದ್ದಮೆ ಎದ್ದು ನಿಲ್ಲಲು ಇನ್ನೂ ಹದಿನಾರು ವರ್ಷ ಬೇಕಾಯಿತು. 2011ರ ಆಗಸ್ಟಿನಲ್ಲಿ ನಾಲ್ವರು ಮಾಜಿ ಸೈನಿಕರಿಗೆ ತಲಾ ಆರು ಸಾವಿರ ವರ್ಷಕ್ಕೂ ಮೀರಿದ ಸೆರೆವಾಸದ ಶಿಕ್ಷೆಯಾಯಿತು. ಇದೆಂಥ ಲೆಕ್ಕ ಎಂದು ನಗಬೇಡಿ. ಸಾಬೀತಾದ 201 ಸಾವುಗಳಿಗೆ ತಲಾ 30 ವರ್ಷ, ಮಾನವತೆಯ ವಿರುದ್ಧದ ಅಪರಾಧಕ್ಕೆ ಮತ್ತೆ 30, ಕೂಡಿದರೆ 6,060. ಅಲ್ಲಿನ ಕಾನೂನಿನಂತೆ ಯಾರೂ 50 ವರ್ಷಕ್ಕಿಂತ ಹೆಚ್ಚು ಸೆರೆಯಲ್ಲಿರುವುದಿಲ್ಲ. ಹಾಗಿದ್ದೂ ನ್ಯಾಯಾಲಯ ಒಂದೊಂದು ಜೀವವನ್ನೂ ಬೇರೆ ಬೇರೆಯಾಗಿ ಎಣಿಸಿತು. ಇನ್ನೂರ ಒಂದು ಮಂದಿ ಎಂಬುದು ಒಂದು ರಾಶಿಯಲ್ಲ, ಇನ್ನೂರ ಒಂದು ಬಾರಿ ಒಬ್ಬೊಬ್ಬರು ಎಂದು ಆ ಗುಣಾಕಾರ ಹೇಳುತ್ತದೆ.

ದೇಶವೇ ತಪ್ಪು ಉತ್ತರ ಬರೆದಾಗ

ಹಳೆಯ ಕೊಲೆಗಳ ಕಥೆ ಇದಾದರೆ, ಶಾಂತಿ ಒಪ್ಪಂದದ ನಂತರದ ಹೊಸ ಕೊಲೆಗಳ ಕಥೆ ಇನ್ನೊಂದು. ಯುದ್ಧಕಾಲದ ಗೂಢಚಾರರು, ಅಧಿಕಾರಿಗಳು ಕೆಲವರು ಕಳ್ಳಸಾಗಣೆದಾರರ ಜೊತೆ ಸೇರಿ ಸರ್ಕಾರದೊಳಗೇ ಬೇರು ಬಿಟ್ಟಿದ್ದರು. ನೂರು ಕೊಲೆ ನಡೆದರೆ 98ರಲ್ಲಿ ಯಾರಿಗೂ ಶಿಕ್ಷೆಯಿಲ್ಲ ಎಂಬುದು ಆ ಕಾಲದ ಅಂದಾಜು. 2007ರ ಫೆಬ್ರುವರಿಯಲ್ಲಿ ನೆರೆಯ ಎಲ್ ಸಾಲ್ವಡೋರ್ ದೇಶದ ಮೂವರು ಜನಪ್ರತಿನಿಧಿಗಳನ್ನು ಗ್ವಾಟೆಮಾಲ ನಗರದ ಹೊರವಲಯದಲ್ಲಿ ಕೊಲ್ಲಲಾಯಿತು. ಬಂಧನಕ್ಕೊಳಗಾದವರು ನಾಲ್ವರು ಪೊಲೀಸರು. ಅವರಲ್ಲೊಬ್ಬ ಸಂಘಟಿತ ಅಪರಾಧಗಳ ತನಿಖಾ ವಿಭಾಗದ ಮುಖ್ಯಸ್ಥ. ಕೆಲವೇ ದಿನಗಳಲ್ಲಿ ಆ ನಾಲ್ವರೂ ಬಿಗಿ ಭದ್ರತೆಯ ಜೈಲಿನೊಳಗೇ ಕೊಲೆಯಾದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಯ್ದ ಬೇಲಿಯನ್ನೂ ಯಾರೋ ಸುಟ್ಟುಹಾಕಿದ್ದರು.

ಆ ವರ್ಷವೇ, ವಿಶ್ವಸಂಸ್ಥೆಯ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ಅಲ್ಲಿನ ಸಂಸತ್ತು ಒಪ್ಪಿಗೆ ನೀಡಿ, ಒಂದು ಅಂತರರಾಷ್ಟ್ರೀಯ ಆಯೋಗ ಕೆಲಸ ಆರಂಭಿಸಿತು. ಅದರ ರಚನೆ ಗಮನಿಸತಕ್ಕದ್ದು. ಆಯೋಗಕ್ಕೆ ತನ್ನದೇ ನ್ಯಾಯಾಲಯವಿರಲಿಲ್ಲ. ಕಾನೂನು ಗ್ವಾಟೆಮಾಲದ್ದು, ನ್ಯಾಯಾಧೀಶರು ಗ್ವಾಟೆಮಾಲದವರು. ಹೊರದೇಶಗಳ ಹಣದಿಂದ ಬಂದ ತನಿಖೆಗಾರರು ಸ್ಥಳೀಯ ಸರ್ಕಾರಿ ವಕೀಲರ ಪಕ್ಕದಲ್ಲಿ ಕುಳಿತು, ಕಡತ ಹಂಚಿಕೊಂಡು ಕೆಲಸ ಮಾಡಬೇಕು. ಈಜು ಕಲಿಸುವವನು ನೀರಿಗಿಳಿದು ಹೊಟ್ಟೆಯ ಕೆಳಗೆ ಕೈಕೊಟ್ಟಂತೆ.

ಎರಡೇ ವರ್ಷದಲ್ಲಿ ಆಯೋಗಕ್ಕೆ ಅಗ್ನಿಪರೀಕ್ಷೆ ಎದುರಾಯಿತು. 2009ರ ಮೇ 10ರಂದು ರೊಡ್ರಿಗೊ ರೋಸೆನ್‌ಬರ್ಗ್ ಎಂಬ ಹೆಸರಾಂತ ವಕೀಲರು ರಾಜಧಾನಿಯ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದಾಗ ಗುಂಡಿಗೆ ಬಲಿಯಾದರು. ಮರುದಿನ ಅವರ ಅಂತ್ಯಕ್ರಿಯೆಯಲ್ಲಿ ಒಂದು ವಿಡಿಯೋ ಹಂಚಲಾಯಿತು. ಅದರಲ್ಲಿ ಸ್ವತಃ ರೋಸೆನ್‌ಬರ್ಗ್ ಕುಳಿತು, ತಾನು ಸತ್ತಿದ್ದರೆ ಅದಕ್ಕೆ ಕಾರಣ ರಾಷ್ಟ್ರಾಧ್ಯಕ್ಷ ಆಲ್ವಾರೋ ಕೊಲೋಮ್ ಎಂದು ಹೇಳಿದ್ದರು! ದೇಶ ಕುದಿಯಿತು. ಬಿಳಿ ಬಟ್ಟೆ ತೊಟ್ಟ ಜನ ಬೀದಿಗಿಳಿದು ಅಧ್ಯಕ್ಷರ ರಾಜೀನಾಮೆ ಕೇಳಿದರು. ಸತ್ತವನೇ ಬಂದು ಸಾಕ್ಷಿ ಹೇಳಿದ ಮೇಲೆ ಇನ್ನೇನು ಬೇಕು? ಇಡೀ ದೇಶಕ್ಕೆ ಉತ್ತರ ಸಿಕ್ಕಿಬಿಟ್ಟಿತ್ತು.

ಆಯೋಗದ ಮುಖ್ಯಸ್ಥ, ಸ್ಪೇನಿನ ಕಾರ್ಲೋಸ್ ಕಸ್ತ್ರೆಸಾನ, ಹಂತಗಳನ್ನು ಕೇಳಿದರು. ರಸ್ತೆಯ ಕ್ಯಾಮೆರಾಗಳಲ್ಲಿ ಸೆರೆಯಾಗಿದ್ದ ಒಂದು ಕಾರಿನ ಜಾಡು ಹಿಡಿದರು. ಕಾರಿನಿಂದ ಕೊಲೆಗಾರರ ಗುಂಪು ಸಿಕ್ಕಿತು. ಅದರಲ್ಲಿ ಮಾಜಿ ಪೊಲೀಸರಿದ್ದರು. ಒಬ್ಬ ತಪ್ಪೊಪ್ಪಿಕೊಂಡು ಸಾಕ್ಷಿಯಾದ. ಸುಪಾರಿ ಕೊಟ್ಟವರು ಯಾರೆಂದು ದೂರವಾಣಿ ಕರೆಗಳ ಪಟ್ಟಿ ಹಿಡಿದು ಹುಡುಕುತ್ತಾ ಹೋದರೆ, ಜಾಡು ಅಧ್ಯಕ್ಷರ ಅರಮನೆಯ ಕಡೆ ತಿರುಗಲೇ ಇಲ್ಲ. ಅದು ಬಂದು ನಿಂತದ್ದು ರೋಸೆನ್‌ಬರ್ಗ್ ಅವರ ಮನೆಬಾಗಿಲಿಗೆ. ಅವರಿಗೆ ಬೆದರಿಕೆ ಕರೆ ಬರುತ್ತಿದ್ದ ಮೊಬೈಲನ್ನು ಅವರೇ ತಮ್ಮ ಚಾಲಕನ ಮೂಲಕ ಕೊಂಡಿದ್ದರು. ಯಾರೋ ತಮ್ಮನ್ನು ಸುಲಿಯುತ್ತಿದ್ದಾನೆ, ಅವನನ್ನು ಮುಗಿಸಬೇಕು ಎಂದು ಪರಿಚಯದವರಿಗೆ ಹೇಳಿ ಕೊಲೆಗಾರರನ್ನು ಗೊತ್ತುಮಾಡಿಸಿದ್ದರು. ಆ ‘ಯಾರೋ’ ಅವರೇ ಆಗಿದ್ದರು. ತಮ್ಮ ಕಕ್ಷಿದಾರ ಹಾಗೂ ಆತನ ಮಗಳ ಕೊಲೆಯಿಂದ ಕಂಗೆಟ್ಟಿದ್ದ ಅವರು ಸರ್ಕಾರವೇ ಅದನ್ನು ಮಾಡಿಸಿತೆಂದು ನಂಬಿ ಈ ದಾರಿ ಹಿಡಿದಿದ್ದರು. 2010ರ ಜನವರಿ 12ರಂದು ಕಸ್ತ್ರೆಸಾನ ಪ್ರತಿಯೊಂದು ಹಂತವನ್ನೂ ದೇಶದ ಮುಂದೆ ಬಿಡಿಸಿಟ್ಟರು.

ಹಂತಗಳನ್ನು ಕೇಳುವವರು ಇಲ್ಲದಿದ್ದರೆ ಏನಾಗುತ್ತಿತ್ತು? ಆ ಕೊಲೆಯನ್ನು ಮಾಡಿಸದ ಒಬ್ಬ ಅಧ್ಯಕ್ಷ ಕೊಲೆಗಾರನೆಂಬ ಹೆಸರು ಹೊತ್ತು ಇಳಿಯುತ್ತಿದ್ದ. ನ್ಯಾಯ ಸಿಕ್ಕಿತೆಂದು ಜನ ಸಿಹಿ ಹಂಚುತ್ತಿದ್ದರು.

ಅದೇ ವಿಧಾನ, ಬೇರೆ ಉತ್ತರ

ಈ ವಿಧಾನ ದೊಡ್ಡವರ ಪಾಲಿಗೆ ಯಾವಾಗಲೂ ಅನುಕೂಲಕರವಾಗಿರಲಿಲ್ಲ. 2015ರ ಏಪ್ರಿಲಿನಲ್ಲಿ ಆಯೋಗವೂ ಸರ್ಕಾರಿ ವಕೀಲರೂ ಕೂಡಿ ಸುಂಕದ ಕಟ್ಟೆಯ ದೊಡ್ಡ ಹಗರಣವೊಂದನ್ನು ಬಯಲಿಗೆಳೆದರು. ವರ್ತಕರು ಒಂದು ದೂರವಾಣಿ ಸಂಖ್ಯೆಗೆ ಕರೆ ಮಾಡಿ ಲಂಚ ಕುದುರಿಸಿದರೆ ಸುಂಕ ಇಳಿಯುತ್ತಿತ್ತು. ಅದಕ್ಕಾಗಿಯೇ ಆ ಜಾಲಕ್ಕೆ ‘ಲಾ ಲೀನ್ಯಾ’, ಅಂದರೆ ‘ಲೈನು’ ಎಂಬ ಹೆಸರು. ನ್ಯಾಯಾಲಯದ ಅಪ್ಪಣೆ ಪಡೆದು ಕದ್ದಾಲಿಸಿದ ಸಾವಿರಾರು ಕರೆಗಳೇ ಸಾಕ್ಷ್ಯ. ಶನಿವಾರ ಶನಿವಾರ ಜನ ರಾಜಧಾನಿಯ ಚೌಕದಲ್ಲಿ ಸೇರತೊಡಗಿದರು. ಮೇ ತಿಂಗಳಲ್ಲಿ ಉಪಾಧ್ಯಕ್ಷೆ ಬಾಲ್ದೆತ್ತಿ ಕೆಳಗಿಳಿದರು. ಸೆಪ್ಟೆಂಬರಿನಲ್ಲಿ ರಾಷ್ಟ್ರಾಧ್ಯಕ್ಷ, ಮಾಜಿ ಸೇನಾಪತಿ ಒತ್ತೋ ಪೆರೆಸ್ ಮೊಲಿನ ರಾಜೀನಾಮೆ ಕೊಟ್ಟು, ಮರುದಿನವೇ ಸಾಮಾನ್ಯ ಆಪಾದಿತನಂತೆ ನ್ಯಾಯಾಧೀಶರ ಎದುರು ಕುಳಿತರು. 2022ರ ಡಿಸೆಂಬರಿನಲ್ಲಿ ಇಬ್ಬರಿಗೂ 16 ವರ್ಷಗಳ ಶಿಕ್ಷೆಯಾಯಿತು.

ಆದರೆ ಹಂತಗಳೆಂಬ ಕತ್ತಿಗೆ ಎರಡೂ ಕಡೆ ಅಲಗಿದೆ. 1982–83ರಲ್ಲಿ ದೇಶವಾಳಿದ ಸೇನಾಪತಿ ರಿಯೋಸ್ ಮೊಂತ್ ಮೇಲೆ 2013ರಲ್ಲಿ ನರಮೇಧದ ವಿಚಾರಣೆ ನಡೆಯಿತು. ಇಶಿಲ್ ಎಂಬ ಮಾಯಾ ಸಮುದಾಯದ ಸುಮಾರು ನೂರು ಮಂದಿ ಬೆಟ್ಟದಿಂದಿಳಿದು ಬಂದು ಸಾಕ್ಷಿ ನುಡಿದರು. ಮೂಳೆತಜ್ಞರೂ ಬಂದರು. ಮೇ 10ರಂದು 80 ವರ್ಷಗಳ ಶಿಕ್ಷೆ. ಹತ್ತೇ ದಿನಕ್ಕೆ ಅಲ್ಲಿನ ಸಂವಿಧಾನ ನ್ಯಾಯಾಲಯ ಮೂರು-ಎರಡರ ಬಹುಮತದಿಂದ, ವಿಚಾರಣೆಯ ಕ್ರಮದಲ್ಲಿ ಲೋಪವಿದೆ ಎಂದು ತೀರ್ಪನ್ನು ರದ್ದುಮಾಡಿತು. ಹಂತ ತಪ್ಪಿದೆ ಎಂಬ ಮಾತು ನ್ಯಾಯವನ್ನು ಕಾಪಾಡಲೂ ಬಳಕೆಯಾಗಬಹುದು, ತಪ್ಪಿಸಲೂ ಬಳಕೆಯಾಗಬಹುದು. ಮರುವಿಚಾರಣೆ ಮುಗಿಯುವ ಮೊದಲೇ, 2018ರಲ್ಲಿ ರಿಯೋಸ್ ಮೊಂತ್ ತೀರಿಕೊಂಡರು. ಅದೇ ವರ್ಷ ಇನ್ನೊಂದು ನ್ಯಾಯಾಲಯ ಅವರ ಗೂಢಚಾರ ವಿಭಾಗದ ಮುಖ್ಯಸ್ಥನನ್ನು ಬಿಡುಗಡೆ ಮಾಡಿತಾದರೂ, ಇಶಿಲ್ ಜನರ ನರಮೇಧ ನಡೆದದ್ದು ನಿಜವೆಂದು ಬರೆಯಿತು.

ಕೈ ತೆಗೆದ ಮೇಲೆ

2015ರ ಜನಾಕ್ರೋಶದ ಅಲೆಯಲ್ಲೇ ಗೆದ್ದುಬಂದ ಹೊಸ ಅಧ್ಯಕ್ಷ ಜಿಮ್ಮಿ ಮೊರಾಲೆಸ್ ಮೊದಮೊದಲು ಆಯೋಗವನ್ನು ಹೊಗಳುತ್ತಿದ್ದರು. ತನಿಖೆ ಅವರ ಸಹೋದರ, ಮಗ ಹಾಗೂ ಚುನಾವಣೆಯ ಹಣದವರೆಗೆ ಬಂದಾಗ ಮಾತು ಬದಲಾಯಿತು. ಹೊರಗಿನವರು ನಮ್ಮ ಮನೆಯೊಳಗೆ ತಲೆಹಾಕುತ್ತಿದ್ದಾರೆ ಎಂಬ ಕೂಗೆದ್ದಿತು. ಅವಧಿ ಮುಂದುವರಿಸಲು ಮೊರಾಲೆಸ್ ಒಪ್ಪಲಿಲ್ಲ. 2019ರ ಸೆಪ್ಟೆಂಬರ್ 3ರಂದು ಆಯೋಗ ಬಾಗಿಲು ಮುಚ್ಚಿತು.

ಆಮೇಲೆ ನಡೆದದ್ದನ್ನು ಓದಿದರೆ ಮನಸ್ಸು ಮುದುಡುತ್ತದೆ. ಆಯೋಗದ ಜೊತೆ ದುಡಿದ ವಿಶೇಷ ವಿಭಾಗದ ಮುಖ್ಯಸ್ಥ ಹುವಾನ್ ಫ್ರಾನ್ಸಿಸ್ಕೊ ಸಂದೋವಾಲ್ ಅವರನ್ನು 2021ರ ಜುಲೈನಲ್ಲಿ ಕೆಲಸದಿಂದ ತೆಗೆದುಹಾಕಿದರು. ಅದೇ ರಾತ್ರಿ ಅವರು ಗಡಿ ದಾಟಿದರು. ನ್ಯಾಯಾಧೀಶೆ ಎರಿಕಾ ಐಫಾನ್ 2022ರ ಮಾರ್ಚಿನಲ್ಲಿ ದೇಶ ಬಿಟ್ಟರು. ಪೆರೆಸ್ ಮೊಲಿನ ಎದುರು ಕುಳಿತಿದ್ದ ನ್ಯಾಯಾಧೀಶ ಮಿಗೆಲ್ ಆಂಖೆಲ್ ಗಾಲ್ವೆಸ್ ಕೂಡ ಅದೇ ವರ್ಷದ ನವೆಂಬರಿನಲ್ಲಿ ಹೊರನಡೆದರು. ಕಳ್ಳರು ಊರಲ್ಲಿ, ಹಿಡಿದವರು ಪರದೇಶದಲ್ಲಿ ಎಂಬಂತಾಯಿತು. ಹನ್ನೆರಡು ವರ್ಷಗಳ ನೆರವು ನೀರಿನಲ್ಲಿ ಹೋಮ ಮಾಡಿದಂತಾಯಿತೆಂದು ಟೀಕಿಸಿದವರಿಗೂ ಕಾರಣವಿತ್ತು.

ಆದರೆ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ಚೌಕದಲ್ಲಿ ಸೇರುತ್ತಿದ್ದವರ ನಡುವಿನಿಂದ ಒಂದು ಪುಟ್ಟ ಪಕ್ಷ ಹುಟ್ಟಿತ್ತು. ಅದರ ಹೆಸರು ‘ಸೆಮಿಯ್ಯಾ’, ಅಂದರೆ ಬೀಜ. 2023ರ ಆಗಸ್ಟಿನಲ್ಲಿ ಅದರ ಅಭ್ಯರ್ಥಿ ಬೆರ್ನಾರ್ದೋ ಅರೆವಾಲೋ ಅಧ್ಯಕ್ಷ ಚುನಾವಣೆ ಗೆದ್ದರು. ಸರ್ಕಾರಿ ವಕೀಲರ ಕಚೇರಿಯೇ ಆ ಪಕ್ಷವನ್ನು ಅಮಾನತು ಮಾಡಿಸಲು, ಮತಪೆಟ್ಟಿಗೆಯ ಫಲಿತಾಂಶವನ್ನೇ ಅಲುಗಾಡಿಸಲು ಹೊರಟಿತು. ಆಗ ಎದ್ದು ನಿಂತವರು ಯಾರು? ತೊತೊನಿಕಪಾನ್ ಮೊದಲಾದ ಕಡೆಯ ಮಾಯಾ ಹಳ್ಳಿಗಳ ಹಿರಿಯರು. ಅಕ್ಟೋಬರಿನಿಂದ ಅವರು ರಸ್ತೆ ತಡೆದರು; ಆ ಕಚೇರಿಯ ಮುಂದೆ ನೂರಕ್ಕೂ ಹೆಚ್ಚು ದಿನ ಸರದಿಯ ಮೇಲೆ ಕುಳಿತರು. ಅವರ ಬೇಡಿಕೆ ಇಷ್ಟೇ: ಎಣಿಸಿದ ಮತ ಎಣಿಸಿದಂತೆಯೇ ನಿಲ್ಲಲಿ. 2024ರ ಜನವರಿ ನಡುವಿನಲ್ಲಿ, ಇಡೀ ದಿನದ ಅಡೆತಡೆ ದಾಟಿ ನಡುರಾತ್ರಿಯ ನಂತರ, ಅರೆವಾಲೋ ಪ್ರಮಾಣವಚನ ಸ್ವೀಕರಿಸಿದರು.

ಮೂಳೆ ಓದುವ ತಂಡವೂ ಉಳಿದುಕೊಂಡಿದೆ. ಏಲಕ್ಕಿಯ ಕೋಬಾನ್ ಪಟ್ಟಣದ ಹಳೆಯ ಸೇನಾನೆಲೆಯಲ್ಲಿ 2012ರಿಂದ ಅಗೆದು ಅದು 550ಕ್ಕೂ ಹೆಚ್ಚು ಅಸ್ಥಿಪಂಜರಗಳನ್ನು ಹೊರತೆಗೆಯಿತು. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಸೈನಿಕರನ್ನು ತರಬೇತುಗೊಳಿಸುತ್ತಿದ್ದ ನೆಲದಡಿಯಲ್ಲೇ ಅವು ಇದ್ದವು. ತಂಡಕ್ಕೆ ಈಗ ಅದರದೇ ಡಿ.ಎನ್.ಎ. ಪ್ರಯೋಗಾಲಯವಿದೆ. ನಮ್ಮ ಡಿ.ಎನ್.ಎ.ಯಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಹಾಗಾಗಿ ಮುದುಕಿಯೊಬ್ಬಳ ಬಾಯಿಯ ಎಂಜಲು, ಮೂವತ್ತು ನಲವತ್ತು ವರ್ಷ ಮಣ್ಣಿನಲ್ಲಿದ್ದ ಮೂಳೆಯ ಪುಡಿ, ಎರಡನ್ನೂ ಹೋಲಿಸಿ ಇವರು ತಾಯಿಮಗ ಹೌದೋ ಅಲ್ಲವೋ ಎಂದು ಹೇಳಬಹುದು. ಹೆಸರು ತಿಳಿಯದ ಹೆಣಗಳಿಗೆ ಅಲ್ಲಿನ ಸ್ಮಶಾನದ ದಫ್ತರದಲ್ಲಿ ‘ಎಕ್ಸ್ ಎಕ್ಸ್’ ಎಂದು ಬರೆಯುತ್ತಿದ್ದರು. ಬಂಧುಗಳು ಮುಂದೆ ಬರಲೆಂದು ತಂಡ ನಡೆಸಿದ ಪ್ರಚಾರದ ಘೋಷಣೆಯೇ ‘ನನ್ನ ಹೆಸರು ಎಕ್ಸ್ ಎಕ್ಸ್ ಅಲ್ಲ’ ಎಂಬುದು. ಹೊಂದಾಣಿಕೆ ಸಿಕ್ಕಾಗ ಮೂಳೆಗಳು ಮನೆಯವರ ಕೈಸೇರುತ್ತವೆ, ಹೆಸರಿನ ಸಮೇತ.

ಹೊರಗಿನವರು ನ್ಯಾಯವನ್ನು ಕಟ್ಟಿಕೊಡಲಾರರು. ಆದರೆ ವಿಧಾನವನ್ನು ಕಲಿಸಿಕೊಡಬಲ್ಲರು, ಭಯವಿದ್ದಾಗ ಪಕ್ಕದಲ್ಲಿ ನಿಲ್ಲಬಲ್ಲರು. ಕಲಿತ ವಿದ್ಯೆ ಕಚೇರಿಯೊಂದರಲ್ಲೇ ಇದ್ದರೆ ಕಚೇರಿಗೆ ಬೀಗ ಬಿದ್ದ ದಿನ ಅದೂ ಹೋಗುತ್ತದೆ; ಊರ ಜನರಲ್ಲಿ ಇಳಿದಿದ್ದರೆ ಉಳಿಯುತ್ತದೆ.

ಹಾಗೆ ಇಳಿಯುವುದು ಎಲ್ಲಿಂದ ಶುರು? ಮನೆಯಲ್ಲಿ ದೊಡ್ಡವರು ಯಾರ ಬಗ್ಗೆಯೋ ಏನೋ ತೀರ್ಮಾನ ಕೊಡುತ್ತಿರುವಾಗ ಮಗಳು ನಡುವೆ ಬಾಯಿಹಾಕಿ ‘ಅದು ನಿಮಗೆ ಹೇಗೆ ಗೊತ್ತು?’ ಎಂದು ಕೇಳುತ್ತಾಳೆ. ಎಷ್ಟೋ ಮನೆಗಳಲ್ಲಿ ಅವಳಿಗೆ ಸಿಗುವ ಉತ್ತರ ‘ಎದುರು ಮಾತಾಡಬೇಡ’ ಎಂಬುದೇ. ಗ್ವಾಟೆಮಾಲದಲ್ಲಿ ಅದೇ ಪ್ರಶ್ನೆ ಕೇಳಿದ ತಪ್ಪಿಗೆ ನ್ಯಾಯಾಧೀಶರು ಊರು ಬಿಡಬೇಕಾಯಿತು. ಇಲ್ಲಿ ಅದನ್ನು ಕೇಳಲು ಮಗುವಿಗೆ ಖರ್ಚೇನೂ ಇಲ್ಲ. ಹೆತ್ತವರು ಒಂದು ಕ್ಷಣ ತಡೆದು ಯೋಚಿಸಿ, ಗೊತ್ತಿದ್ದರೆ ಹೇಗೆ ಗೊತ್ತೆಂದು ಹೇಳಬೇಕು. ಇಲ್ಲವಾದರೆ ಗೊತ್ತಿಲ್ಲ ಎನ್ನಬೇಕು. ಅಷ್ಟು ಮಾಡಿದರೂ ಸಾಕು.